ಅರ್ಧ ಟಿಕೆಟ್ಟಿಗೊಂದು ಅಳತೆಗೋಲು

ಬಿಡದಿಯ ವಂಡರ್‌ಲಾದ ಟಿಕೆಟ್ ಕೌಂಟರಿನಲ್ಲಿ ಮಗು ಹುಟ್ಟಿದ ತಾರೀಕು ಕೇಳುವ ಅಗತ್ಯ ಬೀಳುವುದಿಲ್ಲ. ಅಲ್ಲಿನ ಲೆಕ್ಕ ಸೆಂಟಿಮೀಟರಿನದು. 85 ಸೆಂ.ಮೀ.ಗಿಂತ ಕೆಳಗಿದ್ದರೆ ಟಿಕೆಟ್ಟೇ ಬೇಡ. ಅಲ್ಲಿಂದ 140 ಸೆಂ.ಮೀ.ವರೆಗೆ ಮಕ್ಕಳ ದರ. ಅದನ್ನು ದಾಟಿದರೆ ದೊಡ್ಡವರ ದರ. ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆ ಕೋಷ್ಟಕದಲ್ಲಿ 10 ವರ್ಷ ತುಂಬಿದ ಮಗುವಿನ ಸರಾಸರಿ ಎತ್ತರ ಸುಮಾರು 138 ಸೆಂ.ಮೀ. ಅಂದರೆ ಒಂಬತ್ತಕ್ಕೇ ಸರ್ರನೆ ಬೆಳೆದುಬಿಟ್ಟ ತಂಗಿಗೆ ಪೂರ್ತಿ ದುಡ್ಡು, ಹನ್ನೊಂದಾದರೂ ಗಿಡ್ಡಗಿರುವ ಅಣ್ಣನಿಗೆ ರಿಯಾಯಿತಿ. ‘ಇವಳಿಗಿನ್ನೂ ಒಂಬತ್ತು ಸಾರ್, ಬೇಕಾದರೆ ಆಧಾರ್ ತೋರಿಸ್ತೀನಿ’ ಎಂದು ಅಪ್ಪ ಮೊಬೈಲು ತೆಗೆದರೂ ಗೋಡೆಯ ಮೇಲಿನ ಗೆರೆ ಓದುವುದು ನೆತ್ತಿಯನ್ನು ಮಾತ್ರ.

ಆಟದ ಪಾರ್ಕಿನವರು ಕಂಡುಹಿಡಿದ ಉಪಾಯ ಇದಲ್ಲ. ಮಗುವನ್ನು ಕೋಲಿಗೆ ಒರಗಿಸಿ ವಯಸ್ಸು ಹೇಳುವ ಪದ್ಧತಿ ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡಿನ ಹತ್ತಿ ಗಿರಣಿಗಳಲ್ಲೇ ಇತ್ತು. ಆಗ ಸುಳ್ಳು ಹೇಳುತ್ತಿದ್ದದ್ದು ಇವತ್ತಿನ ದಿಕ್ಕಿಗೆ ತೀರಾ ಉಲ್ಟಾ: ಮಗುವಿನ ವಯಸ್ಸು ಕಡಿಮೆ ಎನ್ನುತ್ತಿರಲಿಲ್ಲ, ಹೆಚ್ಚು ಎನ್ನುತ್ತಿದ್ದರು.

1833ರ ಬ್ರಿಟಿಷ್ ಕಾರ್ಖಾನೆ ಕಾಯ್ದೆಯ ಪ್ರಕಾರ ರೇಷ್ಮೆ ಬಿಟ್ಟು ಉಳಿದ ಬಟ್ಟೆ ಗಿರಣಿಗಳಲ್ಲಿ ಒಂಬತ್ತು ತುಂಬದ ಮಕ್ಕಳನ್ನು ದುಡಿಸುವಂತಿರಲಿಲ್ಲ. ಒಂಬತ್ತರಿಂದ ಹದಿಮೂರರವರೆಗಿನವರಿಗೆ ದಿನಕ್ಕೆ ಒಂಬತ್ತು ಗಂಟೆಯ ಮಿತಿ. ಕಾಯ್ದೆಯೇನೋ ಬಂತು, ಆದರೆ ಒಂಬತ್ತು ತುಂಬಿದೆ ಎಂದು ಗೊತ್ತಾಗುವುದು ಹೇಗೆ? ಇಂಗ್ಲೆಂಡಿನಲ್ಲಿ ಸರ್ಕಾರಿ ಜನನ ನೋಂದಣಿ ಆರಂಭವಾದದ್ದೇ 1837ರ ಜುಲೈ 1ರಂದು. ಅದಕ್ಕೂ ಮುಂಚೆ ಇದ್ದದ್ದು ಚರ್ಚಿನ ದೀಕ್ಷಾಸ್ನಾನದ ಪುಸ್ತಕ. ಅದರಲ್ಲಿ ಹೆಸರು ಬರೆಸದವರು ಬೇಕಾದಷ್ಟಿದ್ದರು. ಬರೆಸಿದವರಲ್ಲೂ ಕೆಲವರು ಅಣ್ಣನ ಚೀಟಿಯನ್ನು ತಮ್ಮನ ಕೈಗೆ ಕೊಟ್ಟು ಗಿರಣಿಗೆ ಅಟ್ಟುತ್ತಿದ್ದರು. ಮಗುವಿನ ವಾರದ ಕೂಲಿ ಮನೆಯ ಒಲೆ ಉರಿಸುತ್ತಿದ್ದ ಕಾಲದಲ್ಲಿ ಆ ಅಪ್ಪ ಅಮ್ಮಂದಿರನ್ನು ಮೋಸಗಾರರು ಎಂದುಬಿಡುವುದೂ ಸರಿಯಲ್ಲ.

ಆಗ ನೇಮಕವಾದ ನಾಲ್ವರು ಕಾರ್ಖಾನೆ ಇನ್‌ಸ್ಪೆಕ್ಟರುಗಳಲ್ಲಿ ಲೆನರ್ಡ್ ಹಾರ್ನರ್ ಒಬ್ಬ. ಭೂವಿಜ್ಞಾನಿ, ಅಳೆದು ತೂಗಿ ನೋಡುವ ಸ್ವಭಾವದವನು. ಮುಂದೆ ಕಾರ್ಲ್ ಮಾರ್ಕ್ಸ್ ಬಾಯಿತುಂಬ ಹೊಗಳಿದ್ದು ಇವನನ್ನೇ. ಮಗುವಿಗೆ ಒಂಬತ್ತು ವರ್ಷದವರ ‘ಸಾಮಾನ್ಯ ಬಲ ಮತ್ತು ಚಹರೆ’ ಇದೆ ಎಂದು ವೈದ್ಯನೊಬ್ಬ ಬರೆದುಕೊಟ್ಟರೆ ಸಾಕು ಎನ್ನುತ್ತಿತ್ತು ಕಾಯ್ದೆ. ಚಹರೆಗೆ ಅಳತೆ ಎಲ್ಲಿದೆ? ಒಬ್ಬ ವೈದ್ಯನಿಗೆ ಒಂಬತ್ತಾಗಿ ಕಂಡವನು ಪಕ್ಕದ ಊರಿನ ವೈದ್ಯನಿಗೆ ಏಳಾಗಿ ಕಾಣುತ್ತಿದ್ದ. ಹಾರ್ನರ್ ತನ್ನ ವ್ಯಾಪ್ತಿಯ ವೈದ್ಯರಿಂದ ಹದಿನಾರು ಸಾವಿರಕ್ಕೂ ಹೆಚ್ಚು ಮಕ್ಕಳ ಎತ್ತರ ಅಳೆಸಿದ. 3 ಅಡಿ 10 ಇಂಚು ಇಲ್ಲದವನನ್ನು ಒಂಬತ್ತು ವರ್ಷದವನೆಂದು ಒಪ್ಪಬಾರದು ಎಂಬ ಗೆರೆಯನ್ನೂ ಎಳೆದ. ಇವತ್ತಿನ ಲೆಕ್ಕದಲ್ಲಿ ಅದು ಸುಮಾರು 117 ಸೆಂ.ಮೀ. ಈಗಿನ ಕೋಷ್ಟಕದಲ್ಲಿ ಆರು ವರ್ಷದ ಮಗು ಹೆಚ್ಚುಕಡಿಮೆ ಅಷ್ಟೆತ್ತರ ಇರುತ್ತದೆ. ಗಿರಣಿ ಊರುಗಳ ಹೊಟ್ಟೆಪಾಡು ಹೇಗಿತ್ತೆಂದು ತಿಳಿಯಲು ಬೇರೆ ದಾಖಲೆ ಹುಡುಕಬೇಕಿಲ್ಲ.

ಎತ್ತರವನ್ನು ನಂಬದವರು ಬಾಯಿಗೆ ಕೈ ಹಾಕಿದರು. ಲಂಡನ್ನಿನ ದಂತವೈದ್ಯ ಎಡ್ವಿನ್ ಸಾಂಡರ್ಸ್ 1837ರಲ್ಲಿ ಪುಟ್ಟ ಪುಸ್ತಕವೊಂದನ್ನು ಬರೆದು ಪಾರ್ಲಿಮೆಂಟಿನ ಮುಂದಿಟ್ಟ. ಹಸಿವು ಮಗುವನ್ನು ಗಿಡ್ಡ ಮಾಡಬಹುದು, ಹಲ್ಲು ಮಾತ್ರ ತನ್ನ ಹೊತ್ತಿಗೇ ಹುಟ್ಟುತ್ತದೆ. ಹಾಗಾಗಿ ವಯಸ್ಸಿಗೆ ಎತ್ತರಕ್ಕಿಂತ ಹಲ್ಲೇ ಒಳ್ಳೆಯ ಸಾಕ್ಷಿ ಎಂಬುದು ಅವನ ವಾದದ ತಿರುಳು. ಮುಂದೆ ವಿಕ್ಟೋರಿಯಾ ರಾಣಿಯ ಹಲ್ಲು ನೋಡಿದ್ದೂ ಈತನೇ. ದನದ ಜಾತ್ರೆಯಲ್ಲಿ ಹೋರಿಯ ಬಾಯಿ ಬಿಡಿಸಿ ‘ಎರಡು ಹಲ್ಲು, ನಾಲ್ಕು ಹಲ್ಲು’ ಎಂದು ಬೆಲೆ ಕಟ್ಟುವ ನಮ್ಮ ರೈತರಿಗೆ ಇದರಲ್ಲಿ ಹೊಸತೇನೂ ಕಾಣಿಸುತ್ತಿರಲಿಲ್ಲ.

1844ರಲ್ಲಿ ಆ ಪಾರ್ಲಿಮೆಂಟು ಎರಡು ಕಾಯ್ದೆ ಮಾಡಿತು. ಒಂದು, ಗಿರಣಿಗೆ ಸೇರುವ ವಯಸ್ಸನ್ನು ಎಂಟಕ್ಕೆ ಇಳಿಸಿ, ಹದಿಮೂರರವರೆಗಿನ ಮಕ್ಕಳು ಅರ್ಧ ದಿನ ಗಿರಣಿಯಲ್ಲಿ, ಉಳಿದ ಹೊತ್ತಿನಲ್ಲಿ ಶಾಲೆಯಲ್ಲಿ ಇರಬೇಕೆಂದಿತು. ಇನ್ನೊಂದು ರೈಲ್ವೆ ಕಾಯ್ದೆ. ಮೈಲಿಗೆ ಒಂದು ಪೆನ್ನಿಯಂತೆ, ಚಾವಣಿಯಿರುವ ಗಾಡಿಯಲ್ಲಿ ಬಡವರನ್ನು ಕರೆದೊಯ್ಯುವ ರೈಲನ್ನು ಪ್ರತಿ ಕಂಪನಿಯೂ ದಿನಕ್ಕೊಂದಾದರೂ ಓಡಿಸಬೇಕೆಂದು ಅದು ಕಟ್ಟಳೆ ಹಾಕಿತು. ಮೂರು ತುಂಬದ ಮಕ್ಕಳಿಗೆ ಪುಕ್ಕಟೆ, ಮೂರರಿಂದ ಹನ್ನೆರಡರೊಳಗಿನವರಿಗೆ ಅರ್ಧ ದರ ಎಂಬ ಷರತ್ತೂ ಅದರಲ್ಲಿತ್ತು. ಅದೇ ವರ್ಷ, ಅದೇ ಸಭೆ, ಅದೇ ಮಗು. ಗಿರಣಿಯ ಬಾಗಿಲಲ್ಲಿ ಅಪ್ಪ ಅದರ ವಯಸ್ಸನ್ನು ಮೇಲಕ್ಕೆ ಎಳೆಯಬೇಕು, ರೈಲ್ವೆ ಕಿಟಕಿಯಲ್ಲಿ ಕೆಳಕ್ಕೆ ಜಗ್ಗಬೇಕು.

ಅರ್ಧ ಟಿಕೆಟ್ಟು ಹಡಗು ಹತ್ತಿ ಭಾರತಕ್ಕೂ ಬಂತು. ಗಿರಣಿಯ ಪ್ರಮಾಣಪತ್ರವೂ ಬಂತು: 1881ರ ಭಾರತದ ಕಾರ್ಖಾನೆ ಕಾಯ್ದೆ ಏಳು ತುಂಬದವರನ್ನು ಕೆಲಸಕ್ಕೆ ಇಟ್ಟುಕೊಳ್ಳಬಾರದೆಂದಿತು, 1891ರ ತಿದ್ದುಪಡಿ ಅದನ್ನು ಒಂಬತ್ತಕ್ಕೆ ಏರಿಸಿತು. ಎರಡು ಹೆಸರಿನಲ್ಲಿ ಎರಡು ಚೀಟಿ ಮಾಡಿಸಿ ಬೆಳಿಗ್ಗೆ ಒಂದು ಗಿರಣಿ, ಮಧ್ಯಾಹ್ನ ಇನ್ನೊಂದು ಗಿರಣಿ ಎಂದು ಮಕ್ಕಳನ್ನು ದುಡಿಸುವ ಚಾಳಿ ಎಷ್ಟು ಬೇರೂರಿತ್ತೆಂದರೆ, ಸ್ವತಂತ್ರ ಭಾರತದ 1948ರ ಕಾಯ್ದೆಯೂ ಒಂದೇ ದಿನ ಎರಡು ಕಾರ್ಖಾನೆಯಲ್ಲಿ ಮಗು ದುಡಿಯಕೂಡದು ಎಂದು ಬಿಡಿಸಿ ಹೇಳಬೇಕಾಯಿತು.

ಮೈಸೂರು ಸಂಸ್ಥಾನಕ್ಕೆ ವಯಸ್ಸಿನ ತೊಡಕು ಎದುರಾದದ್ದು ಗಿರಣಿಯಲ್ಲಿ ಅಲ್ಲ, ಮದುವೆ ಚಪ್ಪರದಲ್ಲಿ. ಎಂಟು ತುಂಬದ ಹೆಣ್ಣುಮಗುವಿನ ಮದುವೆಯನ್ನು 1894ರಲ್ಲೇ ಮೈಸೂರು ನಿಷೇಧಿಸಿತು. ಬ್ರಿಟಿಷ್ ಭಾರತದ ಶಾರದಾ ಕಾಯ್ದೆಗಿಂತ ಮೂವತ್ತೈದು ವರ್ಷ ಮೊದಲಿನ ಮಾತು. ಎಂಟು ತುಂಬಿತೋ ಇಲ್ಲವೋ ಹೇಳಬೇಕಾದದ್ದು ಯಾರು? ಉಳ್ಳವರ ಮನೆಯಲ್ಲಿ ಜಾತಕ ಇರುತ್ತಿತ್ತು, ಅದನ್ನು ಬರೆಯುವವರೂ ತಿದ್ದುವವರೂ ಒಬ್ಬರೇ. ಉಳಿದವರಿಗೆ ಊರಿನ ನೆನಪೇ ಗತಿ. 1876ರಿಂದ 78ರವರೆಗಿನ ಕ್ಷಾಮವನ್ನು ಹಳೆ ಮೈಸೂರಿನವರು ಸಂವತ್ಸರಗಳ ಹೆಸರಿನಲ್ಲಿ ಧಾತು ಈಶ್ವರ ಬರ ಎಂದೇ ಕರೆದರು. ‘ಧಾತುವಿನಲ್ಲಿ ಹುಟ್ಟಿದವಳು’ ಎಂದರೆ ವಯಸ್ಸು ಹೇಳಿದಂತೆಯೇ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದ ಮೇಲೆ ಲೆಕ್ಕಕ್ಕೆ ಇನ್ನೊಂದು ಗೂಟ ಸಿಕ್ಕಿತು: ಊರು ಬಿಟ್ಟು ಶೆಡ್ಡಿಗೆ ಹೋದಾಗ ಮಗು ಕಂಕುಳಲ್ಲಿತ್ತೋ, ನಡೆಯುತ್ತಿತ್ತೋ.

ಶಾಲೆಯ ಮೇಷ್ಟ್ರು ಇಷ್ಟೆಲ್ಲ ಇತಿಹಾಸ ಕೆದಕುತ್ತಿರಲಿಲ್ಲ. ಹುಡುಗನನ್ನು ನೆಟ್ಟಗೆ ನಿಲ್ಲಿಸಿ, ಬಲಗೈಯನ್ನು ನೆತ್ತಿಯ ಮೇಲಿಂದ ಬಳಸಿ ಎಡಗಿವಿ ಮುಟ್ಟು ಅನ್ನುತ್ತಿದ್ದರು. ಬೆರಳ ತುದಿಗೆ ಕಿವಿ ಸಿಕ್ಕಿದರೆ ಒಂದನೇ ಕ್ಲಾಸಿಗೆ ದಾಖಲು. ಕತ್ತು ವಾಲಿಸಿದರೆ ‘ನೆಟ್ಟಗೆ ನಿಂತ್ಕೊಳೋ’ ಎಂಬ ಗದರಿಕೆ. ಆದರೂ ಸಿಗದಿದ್ದರೆ ಬರುವ ವರ್ಷ ಬಾ. ಎಳೆಯ ಮಗುವಿನ ತಲೆ ದೊಡ್ಡದು, ತೋಳು ಗಿಡ್ಡ. ಆರು ಏಳರ ಹೊತ್ತಿಗೆ ತೋಳು ನೀಳವಾಗಿ ಕಿವಿಗೆ ಎಟುಕುತ್ತದೆ. ಕೋಲು ಬೇಡ, ಕಾಸು ಬೇಡ. ಗೋಡೆಯ ಗೆರೆಗಿಂತ ಈ ಪರೀಕ್ಷೆ ಒಂದು ಕೈ ಮೇಲು ಎಂದರೂ ತಪ್ಪಾಗದು, ಏಕೆಂದರೆ ಇದು ಎತ್ತರವನ್ನಲ್ಲ, ಅಂಗಗಳ ಅನುಪಾತವನ್ನು ನೋಡುತ್ತದೆ. ಪಾಸಾದ ಹುಡುಗನಿಗೆ ರಿಜಿಸ್ಟರಿನಲ್ಲಿ ಒಂದು ಹುಟ್ಟಿದ ದಿನ ಬೇಕಲ್ಲ, ಶಾಲೆ ಶುರುವಾಗುವ ಜೂನ್ 1ರಿಂದ ಹಿಂದಕ್ಕೆ ಎಣಿಸಿ ಮೇಷ್ಟ್ರೇ ಒಂದನ್ನು ಬರೆಯುತ್ತಿದ್ದರು. ಹಳೆಯ ತಲೆಮಾರಿನ ಸರ್ಕಾರಿ ನೌಕರರು ಮೇ ತಿಂಗಳ ಕೊನೆಗೆ ಹಿಂಡುಹಿಂಡಾಗಿ ನಿವೃತ್ತರಾಗುತ್ತಿದ್ದುದರ ಗುಟ್ಟು ಇದರಲ್ಲಿದೆ.

ಹೀಗೆ ಕಾಗದ ಇಲ್ಲದ ದೇಶದಲ್ಲಿ ಅರ್ಧ ಟಿಕೆಟ್ಟು ಮಾತಿನ ಮೇಲೆಯೇ ಓಡಿತು. ನಮ್ಮ ಸಾರಿಗೆ ಬಸ್ಸುಗಳಲ್ಲಿ ಆರು ತುಂಬುವವರೆಗೆ ಪುಕ್ಕಟೆ, ಹನ್ನೆರಡರವರೆಗೆ ಅರ್ಧ. ಕಂಡಕ್ಟರ್ ಹತ್ತಿರ ಬಂದಂತೆ ಅಮ್ಮ ಮಗನನ್ನು ಎತ್ತಿ ತೊಡೆಯ ಮೇಲೆ ಕೂರಿಸಿಕೊಳ್ಳುತ್ತಾಳೆ. ‘ಎಷ್ಟಮ್ಮ ವಯಸ್ಸು?’ ‘ಐದು ಅಣ್ಣಾ.’ ‘ಏನೋ ಪುಟ್ಟ, ಯಾವ ಕ್ಲಾಸು?’ ಹುಡುಗ ಹೆಮ್ಮೆಯಿಂದ ‘ಮೂರನೇ ಕ್ಲಾಸು’ ಎನ್ನುತ್ತಾನೆ. ವಯಸ್ಸು ಕೇಳುವುದಕ್ಕಿಂತ ಕ್ಲಾಸು ಕೇಳಬೇಕೆಂಬುದು ಕಂಡಕ್ಟರುಗಳು ಕಂಡುಕೊಂಡ ವಿದ್ಯೆ. 2023ರ ಜೂನ್ 11ರಂದು ಹೆಂಗಸರ ಪ್ರಯಾಣವನ್ನು ಪುಕ್ಕಟೆ ಮಾಡಿದ ಶಕ್ತಿ ಯೋಜನೆ ಬಂದ ಮೇಲೆ ಸಾಮಾನ್ಯ ಬಸ್ಸಿನಲ್ಲಿ ಹೆಣ್ಣುಮಕ್ಕಳ ಮಟ್ಟಿಗೆ ಈ ಸಂಭಾಷಣೆಯೇ ನಿಂತಿತು. ಈಗ ತೊಡೆ ಏರುವುದು ಗಂಡುಹುಡುಗರು ಮಾತ್ರ. ಸಿನಿಮಾದವರೂ ಇದನ್ನು ಬಿಟ್ಟಿಲ್ಲ. 1962ರ ಹಿಂದಿ ಚಿತ್ರ ‘ಹಾಫ್ ಟಿಕೆಟ್’ನಲ್ಲಿ ಬಾಂಬೆಗೆ ಹೋಗಲು ದುಡ್ಡು ಸಾಲದ ಕಿಶೋರ್ ಕುಮಾರ್ ಚಡ್ಡಿ ತೊಟ್ಟು ಮುನ್ನಾ ಆಗಿಬಿಡುತ್ತಾನೆ, ಉಳಿದ ಕಥೆಯೆಲ್ಲ ಆ ಅರ್ಧ ಟಿಕೆಟ್ಟಿನಿಂದ ಎದ್ದ ರಾದ್ಧಾಂತ. ರೈಲ್ವೆಯವರಿಗೆ ಮಾತ್ರ ತಮಾಷೆ ಸಾಕಾಗಿತ್ತೋ ಏನೋ, 2016ರ ಏಪ್ರಿಲ್ 21ರಿಂದ ಐದರಿಂದ ಹನ್ನೆರಡರೊಳಗಿನ ಮಗುವಿಗೆ ಪ್ರತ್ಯೇಕ ಬರ್ತ್ ಬೇಕೆಂದರೆ ಪೂರ್ತಿ ದರ ಎಂದರು. ಬರ್ತ್ ಬೇಡವೆಂದವರಿಗಷ್ಟೇ ಅರ್ಧ ಉಳಿಯಿತು.

ಆಟದ ಪಾರ್ಕುಗಳ ಟಿಕೆಟ್ಟಿನಲ್ಲೂ ಇಂಥವೇ ಮೆಟ್ಟಿಲುಗಳು ಕಾಣುತ್ತವೆ. 1955ರ ಜುಲೈನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಡಿಸ್ನಿಲ್ಯಾಂಡ್ ತೆರೆದಾಗ ದೊಡ್ಡವರಿಗೆ 1 ಡಾಲರ್, ಮಕ್ಕಳಿಗೆ 50 ಸೆಂಟ್, ಅಚ್ಚುಕಟ್ಟಾದ ಅರ್ಧ. ಈಗ ಅಲ್ಲಿ ಮೂರರಿಂದ ಒಂಬತ್ತರವರೆಗಿನವರು ಮಕ್ಕಳು, ಹತ್ತು ತುಂಬಿದವರು ದೊಡ್ಡವರು, ಎರಡೂ ದರಗಳ ನಡುವೆ ಉಳಿದಿರುವುದು ಕೆಲವೇ ಡಾಲರುಗಳ ಅಂತರ. ಗೇಟಿನಲ್ಲಿ ವಯಸ್ಸು ಕೇಳುವ ಪಾರ್ಕು ಒಳಗೆ ಹೋದ ಮೇಲೆ ಕೋಲು ಹಿಡಿಯುತ್ತದೆ: ಸ್ಪೇಸ್ ಮೌಂಟನ್ ಹತ್ತಲು 40 ಇಂಚು ಇರಲೇಬೇಕು. ಅಲ್ಲಿ ಕೋಲಿಗೆ ಅರ್ಥವಿದೆ. ಸೀಟಿನ ಪಟ್ಟಿ ಮಗುವನ್ನು ಹಿಡಿದಿಡುವುದು ಅದರ ಎತ್ತರ ನೋಡಿಕೊಂಡೇ ಹೊರತು ಹುಟ್ಟಿದ ದಿನ ನೋಡಿ ಅಲ್ಲ. ಸುರಕ್ಷತೆಯ ಆ ಕೋಲನ್ನು ಏಷ್ಯಾದ ಹಲವು ಪಾರ್ಕುಗಳು ಗಲ್ಲಾಪೆಟ್ಟಿಗೆಯ ಪಕ್ಕಕ್ಕೂ ತಂದು ನಿಲ್ಲಿಸಿವೆ. 2016ರಲ್ಲಿ ಶಾಂಘೈಯಲ್ಲಿ ತೆರೆದ ಡಿಸ್ನಿ ಪಾರ್ಕು ಕೂಡ 1 ಮೀಟರಿನಿಂದ 1.4 ಮೀಟರ್ ಎತ್ತರದವರಿಗೆ ಮಕ್ಕಳ ಟಿಕೆಟ್ ಎಂದು ಸ್ಥಳೀಯ ರೂಢಿಗೆ ಹೊಂದಿಕೊಂಡಿತು. ನಮ್ಮ ಮೆಟ್ರೊದಲ್ಲೂ ದೊಡ್ಡವರ ಜೊತೆ ಬರುವ ಪುಟಾಣಿಗಳ ಪುಕ್ಕಟೆ ಪ್ರಯಾಣಕ್ಕೆ ಇಟ್ಟ ಮಿತಿ ಮೂರು ಅಡಿ.

ಕೋಲಿನ ಮೇಲೆ ದಾವೆ ಹೂಡಿದವರು ಚೀನಾದವರೇ. ಅಲ್ಲಿನ ರೈಲಿನಲ್ಲಿ 1.2 ಮೀಟರ್ ಒಳಗಿದ್ದರೆ ಪುಕ್ಕಟೆ, 1.5 ಮೀಟರ್‌ವರೆಗೆ ಅರ್ಧ ಎಂಬ ನಿಯಮವಿತ್ತು. ಎರಡು ಮೂರು ದಶಕಗಳ ಒಳ್ಳೆಯ ಊಟದಿಂದ ಮಕ್ಕಳು ಎತ್ತರವಾದರು, ಪ್ರಾಥಮಿಕ ಶಾಲೆಯಲ್ಲಿರುವಾಗಲೇ ಗೆರೆ ದಾಟತೊಡಗಿದರು. ಗುವಾಂಗ್‌ಡಾಂಗ್ ಪ್ರಾಂತ್ಯದ ಗ್ರಾಹಕ ಮಂಡಳಿ 2019ರಲ್ಲಿ ಗುವಾಂಗ್‌ಝೌ ನಗರದ ಚಿಮೆಲಾಂಗ್ ಪಾರ್ಕುಗಳ ಕಂಪನಿಯನ್ನು ಕೋರ್ಟಿಗೆ ಎಳೆಯಿತು: ಎತ್ತರವೊಂದನ್ನೇ ಹಿಡಿದು ರಿಯಾಯಿತಿ ಕೊಟ್ಟರೆ ಉದ್ದ ಬೆಳೆದ ಮಕ್ಕಳಿಗೆ ಅನ್ಯಾಯ ಎಂದು. 2023ರ ಜನವರಿ 1ರಿಂದ ಚೀನಾದ ರೈಲ್ವೆ ಕೋಲು ಬಿಟ್ಟು ವಯಸ್ಸಿಗೆ ಬಂತು. ಆರು ತುಂಬದವರಿಗೆ ಪುಕ್ಕಟೆ, ಆರರಿಂದ ಹದಿನಾಲ್ಕರೊಳಗಿನವರಿಗೆ ರಿಯಾಯಿತಿ. ಟಿಕೆಟ್ಟಿಗೆ ಗುರುತಿನ ಚೀಟಿ ಜೋಡಿಸಿದ ಮೇಲೆ ಸಾಧ್ಯವಾದ ಕೆಲಸ ಇದು.

ಭಾರತದಲ್ಲೂ ಕಾಗದ ಈಗ ಧಾರಾಳವಾಗಿದೆ. ಜನನ ಮರಣ ನೋಂದಣಿ ಕಾಯ್ದೆ 1969ರದು. ಆದರೂ 2005-06ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಐದರೊಳಗಿನ ನೂರು ಮಕ್ಕಳಲ್ಲಿ ಜನನ ನೋಂದಣಿ ಆಗಿದ್ದದ್ದು 41 ಮಕ್ಕಳಿಗೆ ಮಾತ್ರ. 2019-21ರ ಸಮೀಕ್ಷೆಯ ಹೊತ್ತಿಗೆ ಅದು 89 ಆಯಿತು. ಐದರೊಳಗಿನ ಮಕ್ಕಳಿಗೆ ನೀಲಿ ಬಣ್ಣದ ಬಾಲ ಆಧಾರ್ ಇದೆ. ಆಧಾರ್ ಗುರುತಿಗೇ ಹೊರತು ವಯಸ್ಸಿನ ಪುರಾವೆಗಲ್ಲ ಎಂದು 2024ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಜನನ ಪ್ರಮಾಣಪತ್ರದ ತೂಕ ಇನ್ನಷ್ಟು ಹೆಚ್ಚಿದೆ. 2023ರ ತಿದ್ದುಪಡಿಯಂತೆ ಅದೇ ವರ್ಷದ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲಾ ದಾಖಲಾತಿ, ಚಾಲನಾ ಪರವಾನಗಿ, ಮತದಾರರ ಪಟ್ಟಿ, ಮದುವೆ ನೋಂದಣಿ, ಸರ್ಕಾರಿ ನೌಕರಿ, ಪಾಸ್‌ಪೋರ್ಟ್ ಇವಕ್ಕೆಲ್ಲ ವಯಸ್ಸಿನ ಸಾಕ್ಷಿ ಅದೊಂದೇ. ಕಾಯ್ದೆಯ ಆ ಪಟ್ಟಿಯಲ್ಲಿ ಬಸ್ಸಿನ ಅರ್ಧ ಟಿಕೆಟ್ಟೂ ಇಲ್ಲ, ಪಾರ್ಕಿನ ಮಕ್ಕಳ ಟಿಕೆಟ್ಟೂ ಇಲ್ಲ. ದಸರಾ ರಜೆಯಲ್ಲಿ ಬಿಸಿಲಲ್ಲಿ ಕಾಯುವ ಸಾಲಿನ ಮುಂದೆ ಒಂದೊಂದೇ ಪ್ರಮಾಣಪತ್ರ ಬಿಡಿಸಿ ಓದಲು ಯಾವ ಕೌಂಟರಿನವನಿಗೂ ಪುರಸೊತ್ತಿಲ್ಲ. ಮಗುವನ್ನು ಗೆರೆಗೆ ಒರಗಿಸಿ ನೋಡಲು ಎರಡು ಸೆಕೆಂಡು ಸಾಕು.