ಶಿಕ್ಷೆ ಮತ್ತು ಕಾಯಕ



‘ಶಿಕ್ಷೆ’ ಎಂಬ ಶಬ್ದ ಕಿವಿಗೆ ಬಿದ್ದೊಡನೆ ನಮ್ಮ ಜನಕ್ಕೆ ದಂಡನೆಯ ನೆನಪಾಗುತ್ತದೆ. ಸಂಸ್ಕೃತದಲ್ಲಿ ಅದರ ಮೂಲಾರ್ಥ ಅದಲ್ಲ. ವಿದ್ಯೆಯನ್ನು ಪಡೆಯುವುದೆಂದೇ ಆ ಧಾತುವಿನ ಅರ್ಥ. ‘ಅಭ್ಯಾಸ’ವೆಂದರೆ ಮಾಡಿದ್ದನ್ನೇ ಮತ್ತೆ ಮತ್ತೆ ಮಾಡುವುದು. ಇವೆರಡರಲ್ಲಿಯೂ ನೋವು ಸ್ವಲ್ಪ ಇದ್ದೇ ಇದೆ. ಅದಕ್ಕಾಗಿಯೇ ಜನ ಶಿಕ್ಷೆಗೆ ದಂಡವೆಂಬ ಅರ್ಥ ಹಚ್ಚಿದರೋ ಏನೋ!

ದುಡಿಮೆಯನ್ನು ಈ ಮಸರಕಲ್ಲಿನವರಿಗೆ ನಾವು ಕಲಿಸಬೇಕಾಗಿಲ್ಲ. ಕಾಯಕದ ಮಹಿಮೆಯನ್ನು ಲೋಕಕ್ಕೆ ತೋರಿದ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳು ನಮ್ಮದೇ ಜಿಲ್ಲೆಯ ಲಿಂಗಸುಗೂರು ಸೀಮೆಯ ಅಮರೇಶ್ವರದವರು. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸಿದವರು. ಒಂದು ದಿನ ಮಾರಯ್ಯ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ತಾಯಿ ಅದನ್ನು ಮರಳಿಸಿದ ಕಥೆ ನಿಮಗೆಲ್ಲ ಗೊತ್ತು. ಆದರೆ ದುಡಿಯುವ ಮನಸ್ಸಿದ್ದೂ ದುಡಿಯುವ ದಾರಿಯೇ ಕಾಣದವರ ಗತಿ ಏನು? ನೂರು ವರ್ಷಗಳ ಹಿಂದೆ ಕಣ್ಣಿಲ್ಲದ ಕೂಸಿಗೆ ಬಹುಮಟ್ಟಿಗೆ ಇದ್ದದ್ದು ಮನೆಯ ಮೂಲೆ, ಇಲ್ಲವೆ ಭಿಕ್ಷಾಪಾತ್ರೆ.

1909ರಲ್ಲಿ ಮಲಪ್ರಭೆಯ ದಡದಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದ ಹಾನಗಲ್ಲ ಕುಮಾರಸ್ವಾಮಿಗಳು ಇದನ್ನು ಒಪ್ಪಲಿಲ್ಲ. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಒಬ್ಬ ಅಂಧ ಬಾಲಕನ ಕಂಠವನ್ನು ಅವರು ಗುರುತಿಸಿದರು. ಆ ಬಾಲಕನೇ ಮುಂದೆ ಪಂಚಾಕ್ಷರಿ ಗವಾಯಿಗಳಾದರು. ಕಂಠ ಇಂಪಾಗಿದೆ, ಭಜನೆ ಮಾಡಿಕೊಂಡಿರಲಿ ಎಂದು ಬಿಡಬಹುದಾಗಿತ್ತು, ಬಿಡಲಿಲ್ಲ. ಮೊದಲು ಕರ್ನಾಟಕ ಸಂಗೀತ, ಅನಂತರ ನೀಲಕಂಠಬುವಾ ಮಿರಜಕರರಿಂದ ಹಿಂದೂಸ್ತಾನಿ, ಹೀಗೆ ಉಭಯ ಪದ್ಧತಿಗಳ ಶಿಕ್ಷೆಯಾಯಿತು. ಮಲ್ಲಿಕಾರ್ಜುನ ಮನ್ಸೂರರಿಗೂ ಇದೇ ಬುವಾ ಗುರುಗಳು. ಬರೆದಿಟ್ಟು ಓದುವ ಉಪಾಯವಿಲ್ಲದವನು ಕೇಳಿದ್ದನ್ನೆಲ್ಲ ಕಂಠದಲ್ಲಿಯೇ ನಿಲ್ಲಿಸಿಕೊಳ್ಳಬೇಕು. ಒಂದೇ ಸ್ವರಸಮೂಹವನ್ನು ಎಷ್ಟು ಸಲ ತಿರುವಿಹಾಕಬೇಕಾದೀತು, ವಿಚಾರಿಸಿರಿ.

ಕಲಿತ ವಿದ್ಯೆಯನ್ನು ಗವಾಯಿಗಳು ತಮ್ಮಲ್ಲಿಯೇ ಇಟ್ಟುಕೊಳ್ಳಲಿಲ್ಲ. ಅಂಧ, ಅನಾಥ ಮಕ್ಕಳನ್ನು ಕೂಡಿಸಿಕೊಂಡು ಊರಿಂದೂರಿಗೆ ತಿರುಗುತ್ತ ಪಾಠ ಹೇಳಿದರು. ಖರ್ಚಿಗಾಗಿ ನಾಟಕ ಕಂಪನಿಯನ್ನೂ ನಡೆಸಿದರು. ವಿರಕ್ತರಿಗೆ ನಾಟಕವೇಕೆಂದು ಮೂಗು ಮುರಿಯುವವರುಂಟು. ಭಿಕ್ಷೆಯ ಅನ್ನಕ್ಕಿಂತ ಆ ಅನ್ನ ಮೇಲೆಂದು ನಾವು ತಿಳಿಯುತ್ತೇವೆ. ಬಸವರಾಜ ರಾಜಗುರು ಅವರಲ್ಲಿ ಕಲಿತವರು. 1914ರಲ್ಲಿ ದೇವಗಿರಿಯಲ್ಲಿ ಹುಟ್ಟಿ ಎಳೆತನದಲ್ಲಿಯೇ ಕಣ್ಣು ಕಳೆದುಕೊಂಡ ಪುಟ್ಟರಾಜರು ಇನ್ನೊಬ್ಬರು. ಹಾಡಿಕೆಯಷ್ಟೇ ಅಲ್ಲ, ಹಾರ್ಮೋನಿಯಂ, ಪಿಟೀಲು, ಸಾರಂಗಿ, ತಬಲಾ ಎಲ್ಲವನ್ನೂ ಸಾಧಿಸಿದರು. ಕನ್ನಡ, ಸಂಸ್ಕೃತ, ಹಿಂದಿಗಳಲ್ಲಿ ಗ್ರಂಥ ರಚಿಸಿದರು. 1944ರಲ್ಲಿ ಗುರುಗಳು ಲಿಂಗೈಕ್ಯರಾದಾಗ ಗದುಗಿನ ವೀರೇಶ್ವರ ಪುಣ್ಯಾಶ್ರಮದ ಭಾರ ಇವರ ಹೆಗಲಿಗೆ ಬಂದಿತು. 2010ರಲ್ಲಿ ತಾವು ಲಿಂಗೈಕ್ಯರಾಗುವವರೆಗೆ, 66 ವರ್ಷ ಅದನ್ನು ಹೊತ್ತರು. ಅದೇ ವರ್ಷ ಸರಕಾರ ಪದ್ಮಭೂಷಣ ಕೊಟ್ಟಿತ್ತು.

ಕಣ್ಣಿಲ್ಲದ ಮಗುವನ್ನು ಕರುಣೆಯಿಂದ ಮನೆಯೊಳಗೇ ಇಟ್ಟುಕೊಂಡ ತಂದೆತಾಯಿಗಳು ಇಂದೂ ನಮ್ಮ ಸೀಮೆಯಲ್ಲಿದ್ದಾರೆ. ನಮ್ಮ ಕಣ್ಣ ಮುಂದಿರಲಿ ಎನ್ನುತ್ತೀರಿ. ನಿಮ್ಮ ಕಣ್ಣು ಮುಚ್ಚಿದ ಮೇಲೆ? ಗದುಗಿನಲ್ಲಿ ಇಂದಿಗೂ ಅಂಥ ಮಕ್ಕಳಿಗೆ ಊಟ, ವಸತಿ, ಸಂಗೀತಪಾಠ ನಡೆದಿವೆ. ಅಂಥ ಕೂಸು ಯಾರ ಮನೆಯಲ್ಲಿದೆಯೋ ಅವರು ಪ್ರಸಾದವಾದ ಮೇಲೆ ನಮ್ಮನ್ನು ಕಂಡು ಹೋಗಬೇಕು.