ಚಿರಂಜೀವಿಗೆ ಬಂದ ಸಾವು

ಅತಿಮಾನುಷ ಬಲವುಳ್ಳ ವೀರನ ಕಥೆಯಲ್ಲಿ ಮನಸ್ಸಿನ ಆಳವೂ ದುರಂತವೂ ಇರಬಲ್ಲವೇ ಎಂಬ ಪ್ರಶ್ನೆ, 1938ರಲ್ಲಿ ಅಮೆರಿಕದ ಚಿತ್ರಕಥೆಗಳಲ್ಲಿ ಸೂಪರ್‌ಮ್ಯಾನ್ ಕಾಣಿಸಿಕೊಂಡ ಮೇಲೆ ಹುಟ್ಟಿದಂತೆ ತೋರಿದರೂ, ಕನ್ನಡದಲ್ಲಿ ಅದಕ್ಕೆ ಸುಮಾರು ಸಾವಿರ ವರ್ಷಗಳ ಚರಿತ್ರೆಯಿದೆ. ಮುಧೋಳದ ಬಳೆಗಾರರ ಮನೆತನದ ರನ್ನನು ತನ್ನ ಆಶ್ರಯದಾತನಾದ ಚಾಲುಕ್ಯ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿ ‘ಗದಾಯುದ್ಧ’ವನ್ನು ರಚಿಸಿದನಾದರೂ, ಕಾವ್ಯದ ಹೃದಯವನ್ನು ಸೋಲಲಿರುವ ದುರ್ಯೋಧನನಿಗೇ ಕೊಟ್ಟನು. ಸಂಜಯನೊಡನೆ ಹೆಣಗಳ ನಡುವೆ ದಾರಿ ಮಾಡಿಕೊಂಡು ನಡೆಯುವ ಆ ಅರಸನು, ಶತ್ರುವಿನ ಮಗನಾದ ಅಭಿಮನ್ಯುವಿನ ಶವದ ಮುಂದೆ ನಿಂತು, ಆ ಹುಡುಗನ ಸಾಹಸದ ಒಂದು ಪಾಲಿಗಾದರೂ ತಕ್ಕ ಮರಣ ತನಗೆ ಬರಲೆಂದು ಬೇಡಿಕೊಳ್ಳುತ್ತಾನೆ. ದುಶ್ಶಾಸನ, ಕರ್ಣರ ಕಳೇಬರಗಳನ್ನು ಕಂಡಾಗಲಂತೂ ಅವನ ಛಲವೇ ಅವನನ್ನು ಸುಡುವ ಶೋಕವಾಗುತ್ತದೆ.

ಈ ಅಂಶವನ್ನು ಸ್ಪಷ್ಟವಾಗಿ ಗುರುತಿಸಿದವರು ಬಿ.ಎಂ. ಶ್ರೀಕಂಠಯ್ಯನವರು. 1926ರಲ್ಲಿ ಅವರು ರನ್ನನ ಪದ್ಯಗಳನ್ನೇ ಜೋಡಿಸಿ ‘ಗದಾಯುದ್ಧ ನಾಟಕಂ’ ಸಿದ್ಧಪಡಿಸಿದರು. ಹಿರಿಯ ವ್ಯಕ್ತಿಯೊಬ್ಬನು ತನ್ನ ಸ್ವಭಾವ ಮತ್ತು ವಿಧಿ ಇವೆರಡರ ಹೊಡೆತಕ್ಕೆ ಸಿಕ್ಕಿ ನಾಶವಾಗುವ ಇಂಥ ನಾಟಕಕ್ಕೆ ರುದ್ರನಾಟಕವೆಂದು ಹೆಸರು. 1929ರ ‘ಅಶ್ವತ್ಥಾಮನ್’ ಇನ್ನೂ ದಿಟ್ಟ ಪ್ರಯೋಗ. ಅದಕ್ಕೆ ಮಾದರಿಯಾದ ಸೊಫೊಕ್ಲಿಸನ ಗ್ರೀಕ್ ನಾಟಕದಲ್ಲಿ, ದೇವತೆ ಕವಿಸಿದ ಭ್ರಮೆಯಿಂದ ದನಕುರಿಗಳನ್ನೇ ಶತ್ರುಗಳೆಂದು ಕೊಂದ ಮಹಾವೀರ ಅಯಾಸನು ಎಚ್ಚರವಾದ ಬಳಿಕ ನಾಚಿಕೆ ತಾಳಲಾರದೆ ತನ್ನ ಕತ್ತಿಯ ಮೇಲೆಯೇ ಬಿದ್ದು ಸಾಯುತ್ತಾನೆ. ವ್ಯಾಸಭಾರತದ ಅಶ್ವತ್ಥಾಮನಿಗಾದರೋ ಸಾವಿನ ಬಿಡುಗಡೆಯೂ ಇಲ್ಲ: ಪುಣೆಯ ಭಾಂಡಾರಕರ ಸಂಸ್ಥೆಯ ವಿದ್ವಾಂಸರು ಅನೇಕ ಹಸ್ತಪ್ರತಿಗಳನ್ನು ಹೋಲಿಸಿ 1966ರಲ್ಲಿ ಪೂರೈಸಿದ ಸಂಶೋಧಿತ ಆವೃತ್ತಿಯಲ್ಲಿಯೂ, ರಕ್ತ ಕೀವುಗಳ ನಾತವನ್ನು ಹೊತ್ತು 3000 ವರ್ಷ ಒಂಟಿಯಾಗಿ ಅಲೆಯಬೇಕೆಂಬ ಕೃಷ್ಣನ ಶಾಪವಿದೆ. ಅಂಥ ಚಿರಂಜೀವಿಯನ್ನು ಶ್ರೀಕಂಠಯ್ಯನವರು ರಂಗದ ಮೇಲೆ ಸಾಯಿಸಿದ್ದು ಸಂಪ್ರದಾಯಕ್ಕೆ ಅಪಚಾರವೆಂಬ ಆಕ್ಷೇಪ ಸಹಜವೇ. ಆದರೆ ಮಾಡಿದ ಕೊಲೆಗಳ ಭಾರ ವೀರನ ಮನಸ್ಸಿನಲ್ಲಿಯೇ ಮುಗಿತಾಯಕ್ಕೆ ಬರಬೇಕೆಂಬ ನಾಟಕದ ಒತ್ತಾಯವನ್ನು ಅವರು ಸರಿಯಾಗಿಯೇ ಮನಗಂಡಿದ್ದರು.

ಚಿತ್ರಕಥೆಗಳ ತೊಡಕು ಇಲ್ಲಿಯೇ ಇದೆ. 1962ರಲ್ಲಿ ಬಂದ ಸ್ಪೈಡರ್‌ಮ್ಯಾನ್‌ನ ಮೊದಲ ಕಥೆಯಲ್ಲಿ, ಅವನು ಅಹಂಕಾರದಿಂದ ತಡೆಯದೆ ಬಿಟ್ಟ ಕಳ್ಳನೇ ಮುಂದೆ ಅವನ ಚಿಕ್ಕಪ್ಪನನ್ನು ಕೊಲ್ಲುತ್ತಾನೆ. ಬಲವಿದ್ದೂ ಕಾಪಾಡದೆ ಹೋದ ಆ ಪಶ್ಚಾತ್ತಾಪ ರುದ್ರನಾಟಕಕ್ಕೆ ಎಲ್ಲ ರೀತಿಯಲ್ಲೂ ತಕ್ಕ ವಸ್ತು. ಆದರೆ ಸಂಚಿಕೆಯ ಹಿಂದೆ ಸಂಚಿಕೆ ಮಾರಾಟವಾಗಬೇಕಾದ ವ್ಯವಸ್ಥೆಯಲ್ಲಿ ವೀರನಿಗೆ ಅಂತ್ಯವಿಲ್ಲ. 1992ರಲ್ಲಿ ಸತ್ತ ಸೂಪರ್‌ಮ್ಯಾನ್ ಮರುವರ್ಷವೇ ಎದ್ದು ಬಂದನು.