ಔಟ್‌ಬೋರ್ಡ್ ಎಂಜಿನ್‌ನ ಸಂಪೀಡನ ನಷ್ಟ

ಔಟ್‌ಬೋರ್ಡ್ ಎಂಜಿನ್‌ನ ಸಂಪೀಡನ ನಷ್ಟ ಎಂದರೆ ದೋಣಿಯ ಹಿಂಬದಿಗೆ ಅಳವಡಿಸುವ ಎಂಜಿನ್‌ನ ಸಿಲಿಂಡರಿನೊಳಗೆ ಗಾಳಿ ಮತ್ತು ಇಂಧನದ ಮಿಶ್ರಣವು ದಹನಕ್ಕೆ ಮೊದಲು ಸಾಕಷ್ಟು ಒತ್ತಲ್ಪಡದೆ ಸೋರಿಹೋಗುವ ಸ್ಥಿತಿ. ಇದರಿಂದ ಎಂಜಿನ್ ಚಾಲನೆಗೊಳ್ಳುವುದು ಕಷ್ಟವಾಗುತ್ತದೆ, ನಿಧಾನಗತಿಯ ಓಟ ಅಸ್ಥಿರವಾಗುತ್ತದೆ ಮತ್ತು ಶಕ್ತಿ ಕುಂದುತ್ತದೆ. ಕಾರ್ಬ್ಯುರೇಟರ್ ಅಥವಾ ಸ್ಪಾರ್ಕ್ ಪ್ಲಗ್ ಬದಲಿಸುವುದರಿಂದ ಈ ದೋಷ ನಿವಾರಣೆಯಾಗದ ಕಾರಣ, ಶಕ್ತಿ ಕುಂದಿದ ಎಂಜಿನ್‌ನಲ್ಲಿ ಸಂಪೀಡನವನ್ನು ಮೊದಲೇ ಅಳೆದು ನೋಡುವುದು ವಾಡಿಕೆ.

ಹಿನ್ನೆಲೆ

ಓಲೆ ಎವಿನ್‌ರೂಡ್ ಅವರು 1909ರಲ್ಲಿ ಅಮೆರಿಕದ ಮಿಲ್ವಾಕಿಯಲ್ಲಿ ಮಾರಾಟಕ್ಕೆ ತಂದ ಎಂಜಿನ್‌ನಿಂದ ಔಟ್‌ಬೋರ್ಡ್ ಎಂಜಿನ್‌ಗಳು ಜನಬಳಕೆಗೆ ಬಂದವು. ಕರ್ನಾಟಕದ ಕರಾವಳಿಯಲ್ಲಿ ನಾಡದೋಣಿ ಮೀನುಗಾರರು ಸೀಮೆಎಣ್ಣೆಯಿಂದ ಓಡುವ ಎರಡು ಹೊಡೆತದ ಎಂಜಿನ್‌ಗಳನ್ನು ಬಳಸುತ್ತಾರೆ. ಇವು ಪೆಟ್ರೋಲಿನಲ್ಲಿ ಚಾಲನೆಗೊಂಡು, ಬಿಸಿಯಾದ ಬಳಿಕ ಸೀಮೆಎಣ್ಣೆಗೆ ಬದಲಾಗುತ್ತವೆ. ತಣ್ಣಗಿನ ಸಿಲಿಂಡರಿನಲ್ಲಿ ಸೀಮೆಎಣ್ಣೆ ಸರಿಯಾಗಿ ಆವಿಯಾಗದೆ ಗೋಡೆಯ ಮೇಲಿನ ಎಣ್ಣೆಯ ಪದರವನ್ನು ತೊಳೆದುಬಿಡುತ್ತದೆ. ಪೆಟ್ರೋಲಿಗಿಂತ ಹೆಚ್ಚು ಮಸಿಯನ್ನೂ ಕಟ್ಟಿಸುತ್ತದೆ. ಮಸಿಯು ಪಿಸ್ಟನ್ ರಿಂಗುಗಳ ಗಾಡಿಯಲ್ಲಿ ತುಂಬಿಕೊಂಡಾಗ ರಿಂಗುಗಳು ಅಲ್ಲಿಯೇ ಅಂಟಿಕೊಂಡು ಸಿಲಿಂಡರಿನ ಗೋಡೆಗೆ ಒತ್ತಿಕೊಳ್ಳುವುದಿಲ್ಲ. ಸಂಪೀಡನ ಕುಗ್ಗಲು ಇದೊಂದು ಸಾಮಾನ್ಯ ಕಾರಣ.

ಶಕ್ತಿ ನಷ್ಟದ ಇತರ ಕಾರಣಗಳು

ಶಕ್ತಿ ಕುಂದಿದ ಎಲ್ಲ ಎಂಜಿನ್‌ಗಳಲ್ಲಿಯೂ ಸಂಪೀಡನ ನಷ್ಟವಿರುವುದಿಲ್ಲ. ಎಂಜಿನ್ ವೇಗವಾಗಿ ತಿರುಗುತ್ತಿದ್ದರೂ ದೋಣಿ ಮುಂದೆ ಸಾಗದಿದ್ದರೆ ಪ್ರೊಪೆಲ್ಲರ್‌ನ ನಡುವಿನ ರಬ್ಬರ್ ಭಾಗ ಜಾರುತ್ತಿರುವ ಸಾಧ್ಯತೆ ಹೆಚ್ಚು. ಎಂಜಿನ್ ತನ್ನ ಗರಿಷ್ಠ ವೇಗವನ್ನೇ ತಲುಪದಿದ್ದರೆ ಇಂಧನ, ಕಿಡಿ ಮತ್ತು ಸಂಪೀಡನಗಳನ್ನು ಪರಿಶೀಲಿಸಬೇಕಾಗುತ್ತದೆ. ದೋಣಿಯ ತಳಕ್ಕೆ ಅಂಟಿದ ಚಿಪ್ಪುಜೀವಿಗಳೂ ವೇಗವನ್ನು ತಗ್ಗಿಸುತ್ತವೆ. ಅನೇಕ ಆಧುನಿಕ ಎಂಜಿನ್‌ಗಳು ಅತಿಯಾಗಿ ಬಿಸಿಯಾದಾಗ ತಾವಾಗಿಯೇ ವೇಗವನ್ನು ಮಿತಿಗೊಳಿಸಿಕೊಳ್ಳುತ್ತವೆ. ಇದು ದೋಷವಲ್ಲ, ಎಚ್ಚರಿಕೆ.

ಪರೀಕ್ಷೆಯ ವಿಧಾನ

ಎಂಜಿನ್ ಅನ್ನು ತಣಿಸುವ ನೀರಿನ ಪೂರೈಕೆಯೊಂದಿಗೆ ಕೆಲ ಹೊತ್ತು ಓಡಿಸಿ ಬಿಸಿಮಾಡಿ ನಿಲ್ಲಿಸಲಾಗುತ್ತದೆ. ಗೇರ್ ನ್ಯೂಟ್ರಲ್‌ನಲ್ಲಿರಬೇಕು. ಎಲ್ಲ ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿ, ಅವುಗಳ ತಂತಿಗಳನ್ನು ಎಂಜಿನ್‌ನ ಲೋಹಕ್ಕೆ ತಾಗಿಸಿ ಕಿಡಿಯನ್ನು ನಿಷ್ಕ್ರಿಯಗೊಳಿಸಲಾಗುತ್ತದೆ. ಹೀಗೆ ಮಾಡದಿದ್ದರೆ ತೆರೆದ ರಂಧ್ರದಿಂದ ಹೊರಬರುವ ಇಂಧನದ ಆವಿಗೆ ಬೆಂಕಿ ಹತ್ತಬಹುದು. ಇಗ್ನಿಷನ್ ಘಟಕವೂ ಕೆಡಬಹುದು. ಬಳಿಕ ಒಂದೊಂದೇ ಸಿಲಿಂಡರಿಗೆ ಒತ್ತಡಮಾಪಕವನ್ನು ತಿರುಗಿಸಿ ಕೂರಿಸಿ, ಥ್ರಾಟಲ್ ಅನ್ನು ಪೂರ್ತಿ ತೆರೆದು, ಮುಳ್ಳು ಮೇಲೇರುವುದು ನಿಲ್ಲುವವರೆಗೆ ಎಂಜಿನ್ ಅನ್ನು ತಿರುಗಿಸಲಾಗುತ್ತದೆ. ಥ್ರಾಟಲ್ ಮುಚ್ಚಿದ್ದರೆ ಒಳಗೆ ಗಾಳಿಯೇ ಸಾಲದೆ ಎಲ್ಲ ಸಿಲಿಂಡರುಗಳೂ ಕಡಿಮೆ ತೋರಿಸುತ್ತವೆ. ಬಲವಿಲ್ಲದ ಬ್ಯಾಟರಿ ಅಥವಾ ನಿಧಾನವಾಗಿ ಎಳೆದ ಹಗ್ಗದಿಂದಲೂ ಇದೇ ತಪ್ಪು ಆಗುತ್ತದೆ.

ಅಂಕಿಗಳ ಅರ್ಥ

ಎರಡು ಹೊಡೆತದ ಪೆಟ್ರೋಲ್ ಎಂಜಿನ್‌ಗಳು ಸಾಮಾನ್ಯವಾಗಿ ಚದರ ಅಂಗುಲಕ್ಕೆ 90ರಿಂದ 150 ಪೌಂಡ್‌ಗಳ ನಡುವೆ ತೋರಿಸುತ್ತವೆ. 100 ಪೌಂಡ್ ಎಂದರೆ ಚದರ ಸೆಂಟಿಮೀಟರಿಗೆ ಸುಮಾರು 7 ಕಿಲೋಗ್ರಾಂ. ಸೀಮೆಎಣ್ಣೆಯ ಆಕ್ಟೇನ್ ಮಟ್ಟ ಕಡಿಮೆ ಇರುವುದರಿಂದ ಅದಕ್ಕೆಂದು ರೂಪಿಸಿದ ಎಂಜಿನ್‌ಗಳ ಸಂಪೀಡನ ಅನುಪಾತವೂ ಕಡಿಮೆ. ಪೆಟ್ರೋಲ್ ಎಂಜಿನ್‌ನ ಅಂಕಿಯನ್ನು ಮುಂದಿಟ್ಟುಕೊಂಡು ಅವುಗಳನ್ನು ಅಳೆದರೆ ಆರೋಗ್ಯವಾಗಿರುವ ಎಂಜಿನ್ ಅನ್ನೇ ಬಿಚ್ಚಬೇಕಾದೀತು. ಕೆಲವು ನಾಲ್ಕು ಹೊಡೆತದ ಎಂಜಿನ್‌ಗಳಲ್ಲಿ ಚಾಲನೆ ಸುಲಭವಾಗಲೆಂದು ಒತ್ತಡವನ್ನು ತಾನಾಗಿ ಬಿಡುವ ಏರ್ಪಾಡಿರುತ್ತದೆ. ಅವುಗಳ ಅಳತೆಯೂ ಮೋಸಗೊಳಿಸುತ್ತದೆ.

ಆದ್ದರಿಂದ ಒಂಟಿ ಅಂಕಿಗಿಂತ ಸಿಲಿಂಡರುಗಳ ನಡುವಿನ ವ್ಯತ್ಯಾಸ ಹೆಚ್ಚು ಮುಖ್ಯ. ಸುಮಾರು 10ರಿಂದ 15 ಶೇಕಡಾಕ್ಕಿಂತ ಹೆಚ್ಚಿನ ಅಂತರವನ್ನು ದೋಷದ ಸೂಚನೆಯೆಂದು ಪರಿಗಣಿಸಲಾಗುತ್ತದೆ. ಉದಾಹರಣೆಗೆ ಮೂರು ಸಿಲಿಂಡರುಗಳು 120, 118 ಮತ್ತು 85 ತೋರಿಸಿದರೆ ಮೂರನೆಯದರಲ್ಲಿ ರಿಂಗು ಅಂಟಿರುವುದು, ಗೋಡೆ ಗೀಚಿರುವುದು ಅಥವಾ ಪಿಸ್ಟನ್ ತೂತಾಗಿರುವುದು ಸಂಭವ. ಪಕ್ಕಪಕ್ಕದ ಎರಡು ಸಿಲಿಂಡರುಗಳು ಒಂದೇ ಪ್ರಮಾಣದಲ್ಲಿ ಕುಸಿದಿದ್ದರೆ ಅವುಗಳ ನಡುವೆ ಹೆಡ್ ಗ್ಯಾಸ್ಕೆಟ್ ಸೀಳಿರುವ ಸಾಧ್ಯತೆಯಿದೆ. ಒಂದೇ ಸಿಲಿಂಡರಿನ ಎಂಜಿನ್‌ನಲ್ಲಿ ಹೋಲಿಕೆಗೆ ಬೇರೊಂದಿಲ್ಲವಾದ್ದರಿಂದ, ಎಂಜಿನ್ ಚೆನ್ನಾಗಿದ್ದಾಗ ಅಳೆದು ಬರೆದಿಟ್ಟ ಅಂಕಿಯೇ ಅತ್ಯಂತ ಉಪಯುಕ್ತ.

ದೋಷದ ಸ್ಥಾನವನ್ನು ಗುರುತಿಸುವುದು

ಕಡಿಮೆ ತೋರಿಸಿದ ಸಿಲಿಂಡರಿಗೆ ಒಂದು ಚಿಕ್ಕ ಚಮಚದಷ್ಟು ಎಂಜಿನ್ ಎಣ್ಣೆ ಹಾಕಿ ಮರುಪರೀಕ್ಷಿಸಿದಾಗ ಒತ್ತಡ ಏರಿದರೆ ರಿಂಗು ಅಥವಾ ಗೋಡೆಯ ಸವೆತವನ್ನು ಶಂಕಿಸಲಾಗುತ್ತದೆ. ಏರದಿದ್ದರೆ ಗ್ಯಾಸ್ಕೆಟ್, ತೂತಾದ ಪಿಸ್ಟನ್ ಅಥವಾ ನಾಲ್ಕು ಹೊಡೆತದ ಎಂಜಿನ್‌ನಲ್ಲಿ ಕವಾಟಗಳು ಕಾರಣವಾಗಿರಬಹುದು. ಎಣ್ಣೆ ಹೆಚ್ಚಾದರೆ ಅದೇ ಜಾಗವನ್ನು ತುಂಬಿಕೊಂಡು ಒತ್ತಡವನ್ನು ಸುಳ್ಳಾಗಿ ಏರಿಸುತ್ತದೆ. ಎರಡು ಹೊಡೆತದ ಎಂಜಿನ್‌ನಲ್ಲಿ ಹೊಗೆಕಿಂಡಿಯ ಮುಚ್ಚಳ ತೆಗೆದರೆ ಹೆಡ್ ಬಿಚ್ಚದೆಯೇ ರಿಂಗುಗಳನ್ನು ಕಣ್ಣಾರೆ ನೋಡಬಹುದು. ಮರದ ಕಡ್ಡಿಯಿಂದ ಮೆಲ್ಲಗೆ ಒತ್ತಿದಾಗ ರಿಂಗು ಪುಟಿಯದಿದ್ದರೆ ಅದು ಅಂಟಿಕೊಂಡಿದೆಯೆಂದು ಅರ್ಥ.

ಎರಡು ಹೊಡೆತದ ಎಂಜಿನ್‌ನಲ್ಲಿ ಪಿಸ್ಟನ್‌ನ ಕೆಳಗಿನ ಕ್ರ್ಯಾಂಕ್ ಕೋಣೆಯಲ್ಲಿಯೂ ಮಿಶ್ರಣವು ಒಂದಿಷ್ಟು ಒತ್ತಲ್ಪಡುತ್ತದೆ. ಪ್ಲಗ್ ರಂಧ್ರದ ಮಾಪಕ ಅದನ್ನು ಅಳೆಯುವುದಿಲ್ಲ. ರೀಡ್ ಕವಾಟ ಮುರಿದಾಗ ಅಥವಾ ಕ್ರ್ಯಾಂಕ್ ಸೀಲ್ ಸೋರಿದಾಗ ಮೇಲಿನ ಅಂಕಿ ಚೆನ್ನಾಗಿದ್ದರೂ ಶಕ್ತಿ ಇರುವುದಿಲ್ಲ. ಕಾರ್ಬ್ಯುರೇಟರ್ ಬಾಯಿಯಿಂದ ಇಂಧನ ಹಿಂದಕ್ಕೆ ಚಿಮ್ಮುವುದು ರೀಡ್ ದೋಷದ ಲಕ್ಷಣ.

ಮೂಲ ಕಾರಣ ಮತ್ತು ದುರಸ್ತಿ

ರಿಂಗು ಕೇವಲ ಮಸಿಯಿಂದ ಅಂಟಿದ್ದರೆ ಮಸಿ ಕರಗಿಸುವ ದ್ರಾವಣವನ್ನು ಸಿಲಿಂಡರಿಗೆ ಹಾಕಿ ನೆನೆಸಿಟ್ಟರೆ ಹಲವು ಬಾರಿ ಸಡಿಲಗೊಳ್ಳುತ್ತದೆ. ಗೋಡೆ ಗೀಚಿದ್ದರೆ ಸಿಲಿಂಡರನ್ನು ಕೊರೆದು ಹಿಗ್ಗಿಸಿ ದೊಡ್ಡ ಅಳತೆಯ ಪಿಸ್ಟನ್ ಹಾಕಬೇಕಾಗುತ್ತದೆ. ಇದು ಖರ್ಚಿನ ಕೆಲಸ, ಮತ್ತು ಪಿಸ್ಟನ್ ಕೆಟ್ಟಿದ್ದೇಕೆ ಎಂಬುದನ್ನು ಕಂಡುಹಿಡಿಯದೆ ಮಾಡಿದರೆ ಹೊಸ ಪಿಸ್ಟನ್ ಕೂಡ ಅದೇ ರೀತಿ ಕೆಡುತ್ತದೆ. ನೀರಿನ ಪಂಪಿನ ರಬ್ಬರ್ ಚಕ್ರದ ಸವೆತ, ತಣಿಸುವ ದಾರಿಗಳಲ್ಲಿ ಗಟ್ಟಿಯಾದ ಉಪ್ಪು ಮತ್ತು ಮರಳು, ಎಣ್ಣೆಯ ಕೊರತೆ, ಒಂದು ಕಾರ್ಬ್ಯುರೇಟರ್‌ನ ಜೆಟ್ ಕಟ್ಟಿಕೊಂಡು ಆ ಸಿಲಿಂಡರಿಗೆ ಇಂಧನ ಸಾಲದಿರುವುದು ಇವು ಮುಖ್ಯ ಕಾರಣಗಳು. ಎರಡು ಹೊಡೆತದ ಎಂಜಿನ್‌ನಲ್ಲಿ ಎಣ್ಣೆಯು ಇಂಧನದ ಜೊತೆಯಲ್ಲಿಯೇ ಒಳಬರುವುದರಿಂದ ಇಂಧನ ಕಡಿಮೆಯಾದ ಸಿಲಿಂಡರಿಗೆ ಎಣ್ಣೆಯೂ ಕಡಿಮೆಯಾಗುತ್ತದೆ. ಎಂಜಿನ್‌ನ ಬದಿಯಿಂದ ಚಿಮ್ಮುವ ಸೂಚಕ ನೀರಿನ ಧಾರೆ ಪಂಪು ಕೆಲಸ ಮಾಡುತ್ತಿರುವುದನ್ನಷ್ಟೇ ತಿಳಿಸುತ್ತದೆ. ಹೆಡ್‌ನೊಳಗಿನ ದಾರಿ ಕಟ್ಟಿಕೊಂಡಿದ್ದರೂ ಧಾರೆ ಬರುತ್ತಿರಬಹುದು. ಸಮುದ್ರದಲ್ಲಿ ಬಳಸಿದ ಎಂಜಿನ್ ಅನ್ನು ಪ್ರತಿಬಾರಿ ಸಿಹಿನೀರಿನಲ್ಲಿ ಓಡಿಸಿ ತೊಳೆಯುವುದರಿಂದ ಈ ದಾರಿಗಳಲ್ಲಿ ಉಪ್ಪು ಕಟ್ಟುವುದು ಬಹಳಮಟ್ಟಿಗೆ ತಪ್ಪುತ್ತದೆ.